ಸೋಮಾರಿ ಮರದ ಹೂವು

ಆ ದಿನ ನಾವಿಬ್ಬರೂ ಜಗಳವಾಡಿದ್ದು ಒಂದು ಸಾಣಿಗೆಯ ಸಲುವಾಗಿ. ಹಿಟ್ಟು ಸಾಣಿಸುವ ಸಾಧಾರಣ ಸಾಣಿಗೆ, ಹಿತ್ತಾಳೆಯ ಅಂಚಿನದು, ಯಾವ ಕಾಲದಲ್ಲೋ ಕೈಜಾರಿ ಬಿದ್ದು ಒಂದು ಮಗ್ಗುಲು ಚಪ್ಪಟೆಯಾದದ್ದು. ಅಂಥದೊಂದು ಸಿಗದೆ ಹೋದರೆ ಲೋಕವೇನೂ ನಿಲ್ಲುವುದಿಲ್ಲ ಎಂದು ನಿಮಗೆ ಅನ್ನಿಸಬಹುದು. ನನಗೂ ಹಾಗೇ ಅನ್ನಿಸಿತ್ತು. ಅನ್ನಿಸಿದ್ದನ್ನು ಬಾಯಿಬಿಟ್ಟು ಹೇಳಿದ್ದೇ ತಪ್ಪಾಯಿತು.

"ಲೋಕ ನಿಲ್ಲೂದಿಲ್ಲ, ಖರೆ. ಬರೋ ಯುಗಾದಿಗೆ ಪುಟಾಣಿ ಹಿಟ್ಟು ಯಾವುದರಾಗ ಸಾಣಸ್ತಿ, ನಿನ್ನ ಸೆರಗಿನಾಗ?" ಅಂದರು ಅಕ್ಕ.

"ಸಂಕ್ರಾಂತಿಗೆ ಎಳ್ಳು ಹಸನ ಮಾಡಿ ನೀವೇ ಎಲ್ಲೋ ಇಟ್ಟೀರಿ, ಅಕ್ಕಾ."

"ನಾ ಇಟ್ಟಿದ್ರ ನನಗ ನೆನಪಿರ್ತದ. ಮರೆವು ಸೋಮಾರಿ ಮಂದಿಗೆ. ನಾಳೆ ಹುಡುಕಿ ನಿನ್ನ ಕೈಯಾಗ ಕೊಡ್ತೀನಿ, ನೋಡಕೊಂತಿರು."

ಆಮೇಲೆ ಇಬ್ಬರೂ ಚಹಾ ಕುಡಿದೆವು, ಮೆಂತ್ಯ ಸೊಪ್ಪು ಬಿಡಿಸಿದೆವು, ಟಿವಿ ನೋಡಿದೆವು. ಮರುದಿನ ಬೆಳಿಗ್ಗೆ ಒಲೆ ಹಚ್ಚಲು ಹೋದ ಅಕ್ಕ ಅಲ್ಲೇ ಕುಸಿದರು. ಆಸ್ಪತ್ರೆ ಎರಡು ಓಣಿ ಆಚೆಗೇ ಇತ್ತು. ಅಷ್ಟು ದೂರವೂ ಅವರ ಪಾಲಿಗೆ ಉಳಿದಿರಲಿಲ್ಲ.

ಅಕ್ಕ ಎಂದರೆ ನನ್ನ ಒಡಹುಟ್ಟಿದವರಲ್ಲ, ನೆಗೆಣ್ಣಿ. ನನ್ನ ಯಜಮಾನರ ಅಣ್ಣನ ಹೆಂಡತಿ. ನೆಗೆಣ್ಣಿಯರೆಂದರೆ ಹಾವು-ಮುಂಗುಸಿ ಎಂದು ಜನ ಮೊದಲೇ ತೀರ್ಮಾನಿಸಿಬಿಟ್ಟಿರುತ್ತಾರೆ. ಜೇವರ್ಗಿ ಕಾಲೋನಿಯ ನಮ್ಮ ಮನೆಯಲ್ಲಿ ನಾವಿಬ್ಬರು ಇಪ್ಪತ್ತಾರು ವರ್ಷ ಒಂದೇ ಒಲೆಯ ಮುಂದೆ ನಿಂತೆವು. ಜಗಳ ಇರಲಿಲ್ಲವೆಂದಲ್ಲ, ದಿನಕ್ಕೊಂದರಂತೆ ಇತ್ತು, ಆದರೆ ಒಂದನ್ನೂ ಮರುದಿನಕ್ಕೆ ಇಟ್ಟುಕೊಂಡವರಲ್ಲ. ಸಾಣಿಗೆಯದೊಂದೇ ಹಾಗೆ ಉಳಿದದ್ದು.

ಗಂಡ ಹೋದರೆ, ತಾಯಿ ಹೋದರೆ ಹೇಗೆ ಸಂತೈಸಬೇಕೆಂದು ಜನರಿಗೆ ಗೊತ್ತು. ನೆಗೆಣ್ಣಿ ಹೋದವಳಿಗೆ ಏನು ಹೇಳಬೇಕೆಂದು ಯಾರಿಗೂ ತಿಳಿಯದು. ಮಾತಾಡಿಸಲು ಬಂದವರೆಲ್ಲ ಭಾವನವರ ಪಕ್ಕ ಕೂತು ಕಣ್ಣೊರೆಸಿಕೊಂಡರು, ನನ್ನ ಕಡೆ ತಿರುಗಿ, "ಒಂದೀಟು ಚಾ ಇಡ್ರೆವ್ವಾ" ಅಂದರು. ಆ ಹದಿಮೂರು ದಿನ ನಾನು ಅತ್ತಿದ್ದಕ್ಕಿಂತ ಚಹಾ ಸೋಸಿದ್ದೇ ಹೆಚ್ಚು. ಈಗ ನೆನೆದರೆ ಅದೂ ಒಳ್ಳೆಯದೇ ಆಯಿತು. ಕೈಗೆ ಕೆಲಸವಿದ್ದಷ್ಟು ಹೊತ್ತು ಕಣ್ಣು ತನ್ನ ಪಾಡಿಗೆ ಇರುತ್ತದೆ.

ಯುಗಾದಿಯ ವಿಷಯಕ್ಕೆ ಬರುತ್ತೇನೆ. ಬೇರೆ ಕಡೆಯವರಿಗೆ ಬೇವು-ಬೆಲ್ಲ ಎಂದರೆ ಅಂಗೈ ಮೇಲಿನ ಒಂದು ಚಿಟಿಕೆ. ನಮ್ಮ ಕಲಬುರಗಿ ಕಡೆ ಬೇವು ಎಂದರೆ ಹೊಸ ಗಡಿಗೆ ತುಂಬ ಕಲಸಿ ಲೋಟಗಟ್ಟಲೆ ಕುಡಿಯುವ ಪಾನಕ: ಹುಣಸೆ ನೀರು, ಬೆಲ್ಲ, ಸಾಣಿಸಿದ ಹುರಿಗಡಲೆಯ ಪುಟಾಣಿ ಹಿಟ್ಟು, ಮಾವಿನಕಾಯಿ ತುರಿ, ದ್ರಾಕ್ಷಿ, ಬಾಳೆಹಣ್ಣು, ಮೇಲೊಂದಿಷ್ಟು ಬೇವಿನ ಹೂವು. ನಮ್ಮ ಮನೆಯ ಗಡಿಗೆಗೆ ಇವೆಲ್ಲದರ ಮೇಲೆ ಒಂದು ಹಿಡಿ ಮಾವಿನ ಹೂವೂ ಬೀಳಬೇಕು. ಅದು ಅಕ್ಕ ತನ್ನ ತವರಿನಿಂದ ತಂದ ಪದ್ಧತಿ. ಅವರ ತವರು ಕಮಲಾಪುರ. ಪ್ರತಿ ವರ್ಷ ಹಬ್ಬದ ಹಿಂದಿನ ದಿನ ನಾವಿಬ್ಬರೂ ಅಲ್ಲಿಯ ತೋಟಕ್ಕೆ ಹೋಗಿ ಹೂವು ತರುತ್ತಿದ್ದೆವು. ಕೀಳುವುದು ಅಕ್ಕ, ಚೀಲ ಹೊರುವುದು ನಾನು.

ಅಕ್ಕ ತೀರಿಕೊಂಡದ್ದು ಮಾಘದಲ್ಲಿ. ಆ ವರ್ಷ ಮನೆಯಲ್ಲಿ ಹಬ್ಬವಿರಲಿಲ್ಲ. ಈ ವರ್ಷ ಮಾಡಬಹುದಾಗಿತ್ತು, ಆದರೆ ಯಾರೂ ಮಾತೆತ್ತಲಿಲ್ಲ. ಕೊನೆಗೆ ಎತ್ತಿದವರು ಎದುರು ಮನೆಯ ನಸೀಮಾ ಆಪಾ. "ಈ ಸಲ ಬೇವು ಅದ ಏನ್ರಿ? ಇಲ್ಲಾಂದ್ರ ಹೇಳಿಬಿಡ್ರಿ, ನನ್ನ ಜಗ್ ವಾಪಸ್ ಒಯ್ತೀನಿ" ಅಂದರು. ಬೇವು ತುಂಬಿಸಿಕೊಳ್ಳಲು ಅವರು ತರುತ್ತಿದ್ದ ಆ ಜಗ್ಗು ಎರಡು ವರ್ಷದಿಂದ ನಮ್ಮ ಕಪಾಟಿನಲ್ಲೇ ಕೂತಿತ್ತು. ಭಾವನವರು ಪೇಪರಿನಿಂದ ತಲೆ ಎತ್ತದೆ, "ಸೂಪರ್ ಮಾರ್ಕೆಟ್‌ನ್ಯಾಗ ಎಲ್ಲಾ ಸಿಗತದ, ಕಮಲಾಪುರಕ್ಕ ಯಾಕ ಹೋಗೂದು" ಅಂದರು.

ಮಾತು ಸರಿಯೇ. ಬೇವಿನ ಹೂವು ನಮ್ಮ ಓಣಿಯಲ್ಲೇ ಉದುರಿ ಬಿದ್ದಿರುತ್ತದೆ. ನನ್ನ ಕಷ್ಟ ಹೂವಿನದಲ್ಲ, ಸಂಬಂಧದ್ದು. ಅಕ್ಕನಿಲ್ಲದ ಮೇಲೆ ಅಕ್ಕನ ತವರಿಗೂ ನನಗೂ ಏನು? ಸತ್ತ ನೆಗೆಣ್ಣಿಯ ತವರಿಗೆ ಒಬ್ಬಳೇ ಹೋಗಿ, ಹೂವು ಕೊಡಿ ಎನ್ನುವ ಹಕ್ಕು ನನಗಿದೆಯೇ? ಅವರು ನಗುನಗುತ್ತಾ ಕೊಟ್ಟು, ಅತಿಥಿಯಂತೆ ಉಪಚರಿಸಿ ಕಳಿಸಿದರೆ ಆ ದಾರಿ ಅಲ್ಲಿಗೆ ಮುಗಿದಂತೆ. ಹೋಗದಿದ್ದರೆ ಮುಗಿದಿದೆಯೋ ಇಲ್ಲವೋ ಗೊತ್ತಾಗುವುದೇ ಇಲ್ಲ. ಮೂರು ದಿನ ಯೋಚಿಸಿ, ನಾಲ್ಕನೆಯ ದಿನ ಯೋಚಿಸುವುದು ಬೇಸರವಾಗಿ, ಚೀಲ ಹಿಡಿದು ಬಸ್ ಸ್ಟ್ಯಾಂಡಿಗೆ ಹೋದೆ.

ಬಸ್ಸಿನಲ್ಲಿ ಕಂಡಕ್ಟರು ಹತ್ತಿರ ಬಂದಾಗ ಅಭ್ಯಾಸಬಲದಿಂದ "ಎರಡು ಕಮಲಾಪುರ" ಎಂದು, ಹೆಂಗಸರ ಉಚಿತ ಟಿಕೆಟ್ಟಿಗೆ ತೋರಿಸುವ ಇಬ್ಬರ ಆಧಾರ್ ಕಾರ್ಡನ್ನೂ ಮುಂದೆ ಚಾಚಿದೆ. ಅಕ್ಕ ವಸ್ತುಗಳನ್ನು ಎಲ್ಲೆಂದರಲ್ಲಿ ಇಡುತ್ತಿದ್ದರೆಂದು ಅವರ ಕಾರ್ಡು ನನ್ನ ಪರ್ಸಿನಲ್ಲೇ ಇರುತ್ತಿತ್ತು. ತೆಗೆದಿಡಬೇಕೆಂದು ನನಗೆ ತೋಚಿರಲೇ ಇಲ್ಲ. ಆತ ಫೋಟೊ ನೋಡಿ, ನನ್ನ ಪಕ್ಕದ ಖಾಲಿ ಸೀಟು ನೋಡಿ, "ಇವರೆಲ್ಲಿ ಅದಾರ್ರಿ?" ಅಂದ. "ಬಂದಿಲ್ಲ" ಅಂದೆ. ಸುಳ್ಳೇನೂ ಅಲ್ಲ. ಆತ ಒಂದು ಟಿಕೆಟ್ ಹರಿದುಕೊಟ್ಟು ಮುಂದೆ ಹೋದ.

ಊರು ದಾಟಿದ ಮೇಲೆ ತೊಗರಿ ಕೊಯ್ದ ಕಪ್ಪು ಹೊಲಗಳು, ನಡುನಡುವೆ ಎಲೆಯೇ ಇಲ್ಲದೆ ಬರೀ ಕೆಂಡದಂಥ ಹೂವು ಹೊತ್ತ ಮುತ್ತಲ ಗಿಡಗಳು. ಕಮಲಾಪುರ ಹತ್ತಿರವಾದಂತೆ ನೆಲದ ಬಣ್ಣ ಕೆಂಪಿಗೆ ತಿರುಗುತ್ತದೆ. ಈ ಕೆಂಪು ನೆಲದ ಬಾಳೆಹಣ್ಣೂ ಕೆಂಪೇ. ಮದುವೆಯಾದ ಹೊಸತರಲ್ಲಿ ಅಕ್ಕನ ತವರಿನಿಂದ ಬಂದ ಒಂದು ಇಡೀ ಗೊನೆಯನ್ನು ನಾನು ಕೆಟ್ಟಿದೆಯೆಂದು ತಿಳಿದು ಓಣಿಯ ಎಮ್ಮೆಗೆ ಹಾಕಿದ್ದೆ. ಆ ಎಮ್ಮೆಯ ಮಾಲಕಿ ಮುಂದೆ ತಿಂಗಳುಗಟ್ಟಲೆ, "ಮತ್ತ ಯಾವಾಗ ಬರ್ತದ್ರಿ ಗೊನಿ?" ಎಂದು ವಿಚಾರಿಸುತ್ತಿದ್ದಳು. ಅಕ್ಕ ಆ ಕತೆಯನ್ನು ಮನೆಗೆ ಬಂದವರಿಗೆಲ್ಲ ಹೇಳದೆ ಬಿಟ್ಟವರಲ್ಲ.

ಬಸ್ಸಿಳಿದು ತೋಟಕ್ಕೆ ಸುಮಾರು ಅರ್ಧ ತಾಸಿನ ನಡಿಗೆ. ಆಟೋ ಸಿಗುತ್ತದೆ, ಆದರೆ ಅಕ್ಕ ಹತ್ತಗೊಡುತ್ತಿರಲಿಲ್ಲ. "ಈ ದಾರ್ಯಾಗ ಆಟೋದಾಗ ಹೋದ್ರ ಮೂಗು ಮನ್ಯಾಗ ಬಿಟ್ಟು ಬಂದಂಗ" ಅನ್ನುತ್ತಿದ್ದರು. ಹಾಗಾಗಿ ನಡೆದೆ. ಮೊದಲು ನಿಂಬೆಯ ತೋಟ. ಹೂವು ಕಣ್ಣಿಗೆ ಬೀಳುವ ಮುಂಚೆ ವಾಸನೆ ಬರುತ್ತದೆ. ಆಮೇಲೆ ದಾಳಿಂಬೆ, ಮೇಣದಲ್ಲಿ ಮಾಡಿಟ್ಟಂಥ ಕೆಂಪು ಹೂವು, ಕೆಳಗೆ ನೆಲದ ಮೇಲೂ ಅಷ್ಟೇ. ದಾರಿಬದಿಯ ಬೇವಿನ ಮರಗಳಿಂದ ಸಣ್ಣ ಬಿಳಿ ಹೂವು ಉದುರಿ ಉದುರಿ ನನ್ನ ತಲೆ, ಹೆಗಲು, ತೆರೆದ ಚೀಲದ ಬಾಯಿ ಎಲ್ಲ ತುಂಬಿತ್ತು. ಜೇನ್ನೊಣಗಳ ಗುಂಯ್‌ಗುಟ್ಟುವಿಕೆ ಬಿಟ್ಟರೆ ಸದ್ದಿಲ್ಲ. ಇಪ್ಪತ್ತಾರು ವರ್ಷ ಈ ದಾರಿಯಲ್ಲಿ ನಡೆದಿದ್ದರೂ ಈ ಸದ್ದು ಕೇಳಿದ್ದು ಅದೇ ಮೊದಲು. ಅಕ್ಕ ಜೊತೆಗಿದ್ದಾಗ ಬೇರೆ ಯಾವ ಸದ್ದಿಗೂ ಅವಕಾಶವಿರಲಿಲ್ಲ.

ತೋಟದ ಮಾವಿನ ಮರಗಳಲ್ಲಿ ಹೂವು ಮುಗಿದು ಗೋಲಿಯಷ್ಟು ಕಾಯಿ ನೇತಾಡುತ್ತಿದ್ದವು. ಯುಗಾದಿಯ ಹೊತ್ತಿಗೆ ಎಲ್ಲ ಕಡೆಯೂ ಹಾಗೆಯೇ. ಬಾವಿಯ ಪಕ್ಕದ ಒಂದೇ ಒಂದು ಮರ ಮಾತ್ರ ಉಳಿದವೆಲ್ಲ ಕಾಯಿ ಹಿಡಿದ ಮೇಲೆ ನಿಧಾನವಾಗಿ ಹೂವು ಬಿಡುತ್ತದೆ. ಅಕ್ಕ ಅದಕ್ಕಿಟ್ಟ ಹೆಸರು ಸೋಮಾರಿ ಮರ. ಅಕ್ಕನ ಬಾಯಲ್ಲಿ ಈ ಬಿರುದು ಪಡೆದವರು ಲೋಕದಲ್ಲಿ ಇಬ್ಬರೇ, ಆ ಮರ ಮತ್ತು ನಾನು.

ಆದರೆ ಅದರ ಹೂವನ್ನು ಹಾಗೇ ಕೀಳುವಂತಿಲ್ಲ. ಅಲ್ಲಿಯ ರೂಢಿ ಹೀಗಿದೆ: ಮರ ಹೂವಿನಲ್ಲಿರುವಾಗಲೇ ಹಣ್ಣಿನ ವ್ಯಾಪಾರಿ ತೋಟವನ್ನು ಗುತ್ತಿಗೆ ಹಿಡಿಯುತ್ತಾನೆ, ಅವತ್ತಿನಿಂದ ಕೊಯ್ಲು ಮುಗಿಯುವವರೆಗೆ ತೋಟದ ಧಣಿಯೂ ಒಂದು ಎಲೆ ಹರಿಯಬೇಕಾದರೆ ಆತನನ್ನು ಕೇಳಬೇಕು. ಈ ತೋಟ ಹಿಡಿಯುವವರು ಮೆಹಬೂಬ್ ಚಾಚಾ, ಕಲಬುರಗಿಯ ಕೋಟೆಯ ಹತ್ತಿರದವರು. ಅಕ್ಕ ತನ್ನಪ್ಪ ನೆಟ್ಟ ಮರದ ಕೆಳಗೆ ನಿಂತು ಪ್ರತಿ ವರ್ಷ ಅವರ ಅಪ್ಪಣೆ ಕೇಳುತ್ತಿದ್ದರು. "ಒಂದು ಹಿಡಿ ಹೂವು ಅಂದ್ರ ನೂರು ಹಣ್ಣು, ಬಾಯಿ" ಎಂದು ಚಾಚಾ ಮುಖ ಗಂಟು ಹಾಕುತ್ತಿದ್ದರು. "ಈ ಸೋಮಾರಿ ಮರದಾಗ ನೂರು ಹಣ್ಣು ಯಾವಾಗ ಆಗಿದ್ದವ್ರಿ ಚಾಚಾ?" ಎಂದು ಅಕ್ಕ ಅನ್ನುತ್ತಿದ್ದರು. ಇಬ್ಬರೂ ನಕ್ಕ ಮೇಲೆ ಅಕ್ಕ ಕೆಳಗಿನ ಟೊಂಗೆಗೆ ಕೈ ಹಾಕುತ್ತಿದ್ದರು.

ಚಾಚಾ ಬಾವಿಕಟ್ಟೆಯ ಮೇಲೆ ಕೂತಿದ್ದರು. ನನ್ನನ್ನು ನೋಡಿ ಎದ್ದು ನಿಂತರು. ಏನು ಕೇಳಬೇಕೆಂದು ದಾರಿಯುದ್ದಕ್ಕೂ ಮಾತು ಹೊಂದಿಸಿಕೊಂಡು ಬಂದಿದ್ದೆ. ಅವರೇ ಶುರುಮಾಡಿದರು:

"ಹೋದ ವರ್ಷನೂ ಆ ಟೊಂಗಿ ನಿಮ್ಮ ಸಲುವಾಗಿ ಬಿಟ್ಟಿದ್ದೆ, ಬಾಯಿ. ಯಾರೂ ಬರಲಿಲ್ಲ. ಆಮೇಲೆ ಖಬರ್ ತಿಳೀತು. ಹೂವು ಹಂಗೇ ನಿಂತು, ಆ ಟೊಂಗಿ ಮೊದಲನೇ ಸಲ ಕಾಯಿ ಹಿಡೀತು."

"ಹೆಂಗಿದ್ದವ್ರಿ ಹಣ್ಣು?"

"ತೋಬಾ! ಹುಣಸಿಕಾಯಿಗಿಂತ ಹುಳಿ. ನಿಮ್ಮ ಅಕ್ಕ, ಬಡೀ ಬಾಯಿ, ವರ್ಷಾ ಹೂವು ಕಿತ್ತು ಮಂದೀನ ಉಳಿಸಾಕತ್ತಿದ್ರು ಅಂತ ಈಗ ತಿಳೀತು. ಕೀಳ್ರಿ, ಕೀಳ್ರಿ, ಈ ಸಲ ಒಂದೂ ಬಿಡಬ್ಯಾಡ್ರಿ."

ನಗು ಬಂತು. ಎಷ್ಟು ದಿನದ ಮೇಲಿನ ನಗುವೋ, ಜೊತೆಗೇ ಅಳುವೂ ಬಂತು. ಚಾಚಾ ಬಾವಿಯೊಳಗೆ ಏನೋ ಬಿದ್ದಿರುವವರಂತೆ ಬಗ್ಗಿ ನೋಡುತ್ತಾ ನಿಂತರು, ನಾನು ಸೆರಗಿನಿಂದ ಮುಖ ಒರೆಸಿಕೊಳ್ಳುವವರೆಗೆ. ಆಮೇಲೆ ಟೊಂಗೆಗೆ ಕೈ ಹಾಕಿದೆ. ಚೀಲ ಹಿಡಿಯಲು ಯಾರೂ ಇರಲಿಲ್ಲ, ತೋಳಿಗೆ ಸಿಕ್ಕಿಸಿಕೊಂಡೆ.

ತವರಿನ ಮನೆಯಲ್ಲಿ ಶಾರದಾ ವೈನಿ ಇದ್ದರು, ಅಕ್ಕನ ತಮ್ಮನ ಹೆಂಡತಿ. ಊಟಕ್ಕೆ ಹಾಕಿದರು. ನಾನು ಹೊರಟಾಗ ಉಡಿ ತುಂಬಲು ಕೂಡಿಸಿದರು: ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣದ ಕೊಂಬು, ಖಣ. ಇದು ಹೊಸದಲ್ಲ, ಪ್ರತಿ ವರ್ಷ ಅಕ್ಕನ ಪಕ್ಕ ನನ್ನನ್ನೂ ಕೂಡಿಸಿ ಮುತ್ತೈದೆಯೆಂದು ನನಗೂ ತುಂಬುತ್ತಿದ್ದರು. ಒಂದು ವ್ಯತ್ಯಾಸ ಮಾತ್ರ ಇರುತ್ತಿತ್ತು. ನಾನು ಉಡಿ ಕಟ್ಟಿಕೊಂಡು ಎದ್ದುಬಿಡುತ್ತಿದ್ದೆ. ಅಕ್ಕ ಏಳುವ ಮುಂಚೆ ತನ್ನ ಉಡಿಯಿಂದ ಒಂದು ಹಿಡಿ ಅಕ್ಕಿ ತಿರುಗಿ ಮೊರಕ್ಕೆ ಹಾಕುತ್ತಿದ್ದರು. ಅದು ಆ ಮನೆಯ ಹೆಣ್ಣುಮಗಳು ಮಾಡುವ ಕೆಲಸ, ತವರಿನ ಕಣಜ ಬರಿದಾಗದಿರಲಿ ಎಂದು. ಬೇರೆಯವರು ಹಾಕುವಂತಿಲ್ಲ.

ನಾನು ಎಂದಿನಂತೆ ಉಡಿ ಕಟ್ಟಿಕೊಂಡು ಏಳಲು ಹೋದೆ. ವೈನಿ ಮೊರವನ್ನು ತೆಗೆಯಲಿಲ್ಲ. ನನ್ನ ಮುಂದೆಯೇ ಹಿಡಿದುಕೊಂಡು ಕೂತಿದ್ದರು.

"ಒಂದು ಹಿಡಿ ಹಾಕಿ ಏಳ್ರಿ."

"ನಾನ್ಯಾಕ್ರಿ ವೈನಿ, ನಾ ಏನು..."

"ಮತ್ಯಾರು ಹಾಕಬೇಕು? ಹೋದ ವರ್ಷ ಯಾರೂ ಹಾಕಲಿಲ್ಲ. ನನ್ನ ಕೈ ನೋಯಾಕತ್ತಾವ, ಲಗೂನ ಹಾಕ್ರಿ."

ತಾಯಿ ಹೋದ ಮೇಲೆ ನನ್ನ ಸ್ವಂತ ತವರಿನ ಬಾಗಿಲು ತೆರೆದವರಿಲ್ಲ. ಹಿಡಿಯಲ್ಲಿ ಅಕ್ಕಿ ತುಂಬಿ ಮೊರಕ್ಕೆ ಹಾಕುವಾಗ ನಾಲ್ಕು ಕಾಳು ನೆಲಕ್ಕೆ ಬಿದ್ದವು. ವೈನಿ ಅವನ್ನು ಒಂದೊಂದಾಗಿ ಆರಿಸಿ ಮೊರಕ್ಕೇ ಹಾಕಿದರು. ಬಾಗಿಲವರೆಗೆ ಬಂದು, "ಬರೂ ವರ್ಷ ಎರಡು ದಿನ ಮುಂಚೆ ಬರ್ರಿ, ಓಡೋಡಿ ಬಂದು ಓಡೋಡಿ ಹೋಗಬ್ಯಾಡ್ರಿ" ಎಂದು ಕೆಂಪು ಬಾಳೆಯ ಒಂದು ಚಿಪ್ಪು ಕೈಗಿತ್ತರು. "ಎಮ್ಮಿಗೆ ಹಾಕಬ್ಯಾಡ್ರಿ ಮತ್ತ." ಅಕ್ಕ ಆ ಕತೆಯನ್ನು ಇಲ್ಲಿಯೂ ಹೇಳದೆ ಬಿಟ್ಟಿರಲಿಲ್ಲ.

ಹಿಂದಿರುಗುವಾಗ ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯಲ್ಲಿ ಇಳಿದು ಒಂದು ಹೊಸ ಸಾಣಿಗೆ ಕೊಂಡೆ, ಸ್ಟೀಲಿನದು. ಹಬ್ಬದ ಬೆಳಿಗ್ಗೆ ಗಡಿಗೆ ತೊಳೆದು ಬೇವು ಕಲಸಿದೆ. ಯಾವುದು ಎಷ್ಟು ಎಂಬುದು ನನಗೆ ಗೊತ್ತಿರಲಿಲ್ಲ. ಇಪ್ಪತ್ತಾರು ವರ್ಷ ಪಕ್ಕದಲ್ಲಿ ನಿಂತ ನನ್ನ ಕೈಗೆ ಗೊತ್ತಿತ್ತು. ನಸೀಮಾ ಆಪಾ ಬಂದು ಜಗ್ಗು ತುಂಬಿಸಿಕೊಂಡು ಹೋದರು, ಅರ್ಧ ತಾಸಿನಲ್ಲಿ ಖಾಲಿ ಜಗ್ಗು ಹಿಡಿದು ಮತ್ತೆ ಬಂದರು. ಭಾವನವರು ಒಂದು ಲೋಟ ಕುಡಿದರು. ಲೋಟ ಕೆಳಗಿಡಲಿಲ್ಲ, ಮುಂದೆ ಚಾಚಿದರು. ಎರಡನೆಯದನ್ನು ನಿಧಾನವಾಗಿ ಕುಡಿದು, ತಳದಲ್ಲಿ ಉಳಿದದ್ದನ್ನು ನೋಡುತ್ತಾ, "ಛೊಲೋ ಆಗೇದ. ಹಿಟ್ಟು ಅಲ್ಲಲ್ಲಿ ಗಂಟು ಕಟ್ಟೇದ" ಅಂದರು.

ಹೌದು, ಕಟ್ಟಿತ್ತು. ಹೊಸ ಸಾಣಿಗೆಯ ಕಣ್ಣು ದೊಡ್ಡದು. ಮಧ್ಯಾಹ್ನ ಊಟವಾದ ಮೇಲೆ ಅಟ್ಟದ ಡಬ್ಬಿಗಳನ್ನೆಲ್ಲ ಇನ್ನೊಮ್ಮೆ ಇಳಿಸಿ ನೋಡಿದೆ. ಅಕ್ಕನ ಸಾಣಿಗೆ ಇನ್ನೂ ಸಿಕ್ಕಿಲ್ಲ.