ಕೂತು ಕುಡಿಯಬೇಕಾದ ಕಷಾಯ

ಬೆಳಿಗ್ಗೆ ಬಾಗಿಲು ತೆರೆದರೆ ಮೇಲಿನ ಮನೆಯ ಶಾಲಿನಿಯಕ್ಕ ನಿಂತಿದ್ದರು. ಕೈಯಲ್ಲಿ ಲೇಬಲ್ ಕಿತ್ತ ಒಂದು ಜ್ಯೂಸಿನ ಬಾಟಲಿ, ಅದರೊಳಗೆ ಮಬ್ಬು ಬಣ್ಣದ ನೀರು. "ಆಟಿ ಅಮಾಸೆ ಅಲ್ವಾ, ಪಾಲೆ ಕಷಾಯ. ನಮ್ಮ ಸಂಘದವರು ಹಂಚಿದ್ದು. ಬಿಸಿ ಉಂಟು, ಬೇಗ ಕುಡೀರಿ" ಎಂದು ಕೈಗೆ ಕೊಟ್ಟು, ನಾನು ಬೇಡ ಎನ್ನುವಷ್ಟರಲ್ಲಿ ಮೆಟ್ಟಿಲು ಹತ್ತಿಬಿಟ್ಟರು. ಮುಚ್ಚಳ ಸರಿಯಾಗಿ ಕೂತಿರಲಿಲ್ಲ. ಬೆಳ್ಳುಳ್ಳಿ, ಓಮ, ಕರಿಮೆಣಸು, ಅವುಗಳ ಹಿಂದೆ ಕಾದ ಕಲ್ಲಿನ ಸುಟ್ಟ ವಾಸನೆ. ನನ್ನ ದವಡೆ ತಾನಾಗಿಯೇ ಬಿಗಿಯಿತು. ಬಾಟಲಿಯನ್ನು ಅಕ್ಕಿ ಡ್ರಮ್ಮಿನ ಹಿಂದೆ ಅಡಗಿಸಿಟ್ಟೆ. ಒಳಗಿನ ಕೋಣೆಯಲ್ಲಿ ಸಂಜೀವ ಮಾವ ಮಲಗಿದ್ದರು. ಅವರ ಮೂಗಿಗೆ ಈ ವಾಸನೆ ಬಡಿಯಬಾರದಿತ್ತು.

ನಿಮಗೆ ಈ ಕಡೆಯ ಪದ್ಧತಿ ಗೊತ್ತಿಲ್ಲದಿದ್ದರೆ ಹೇಳಬೇಕು. ತುಳುವರ ಆಟಿ ತಿಂಗಳೆಂದರೆ ಮಳೆಗಾಲದ ನಡುಮಧ್ಯ. ಆ ಅಮಾವಾಸ್ಯೆಯ ದಿನ ಪಾಲೆ ಮರದ ತೊಗಟೆಯ ಕಷಾಯವನ್ನು ಖಾಲಿ ಹೊಟ್ಟೆಗೆ ಕುಡಿದರೆ ವರ್ಷವಿಡೀ ರೋಗ ಹತ್ತಿರ ಸುಳಿಯುವುದಿಲ್ಲವೆಂದು ನಂಬಿಕೆ. ತೊಗಟೆಯನ್ನು ಸೂರ್ಯ ಹುಟ್ಟುವ ಮೊದಲೇ ತರಬೇಕು. ಕತ್ತಿ ತಾಗಿಸಬಾರದು, ಕಲ್ಲಿನಿಂದ ಜಜ್ಜಿ ಕೀಳಬೇಕು, ಆಗ ಬಿಳಿ ಹಾಲು ಒಸರುತ್ತದೆ. ದೀಪ ಹಿಡಿಯಬಾರದು, ದಾರಿಯಲ್ಲಿ ಮಾತಾಡಬಾರದು. ಅರೆದು ಹಿಂಡಿದ ರಸಕ್ಕೆ ಕೆಂಡದಲ್ಲಿ ಕಾಯಿಸಿದ ಬಿಳಿಯ ಬೆಣಚುಕಲ್ಲನ್ನು ಹಾಕಿದಾಗ ಚುಂಯ್ ಎನ್ನುತ್ತದೆ. ಕಹಿಯ ಬಗ್ಗೆ ನಾನೇನೂ ಹೇಳುವುದಿಲ್ಲ. ಕುಡಿದವರಿಗೆ ಹೇಳಬೇಕಾಗಿಲ್ಲ, ಕುಡಿಯದವರಿಗೆ ಹೇಳಿದರೆ ತಿಳಿಯುವುದಿಲ್ಲ. ಆಮೇಲೆ ಬಾಯಿಗೊಂದು ಚೂರು ಬೆಲ್ಲ, ಒಡಲು ತಂಪಾಗಲೆಂದು ಮೆಂತೆ ಗಂಜಿ.

ಸಂಜೀವ ಮಾವ ಅಮ್ಮನ ತಮ್ಮ. ಮಸ್ಕತ್ತಿನಲ್ಲಿ ಹೋಟೆಲಿನ ಅಡುಗೆಮನೆ ನೋಡಿಕೊಂಡು, ಊರಿನವರಿಗೆಲ್ಲ ಪರೋಟ ತಿನ್ನಿಸಿ, ಕೊನೆಗೆ ತಾವು ಸಕ್ಕರೆ ಕಾಯಿಲೆ ಹೊತ್ತುಕೊಂಡು ಕೊಕ್ಕಡದ ರಬ್ಬರ್ ತೋಟಕ್ಕೆ ಮರಳಿದವರು. ಬಂದವರೇ ಆರೋಗ್ಯದ ಹಿಂದೆ ಬಿದ್ದರು. ಕೋಳಿಗಿಂತ ಮೊದಲು ಏಳುವುದು, ತೋಟದ ಸುತ್ತ ನಡೆಯುವುದು, ಊಟದ ನಡುವೆ ನೀರು ಮುಟ್ಟದಿರುವುದು, ದೀಪ ಹಚ್ಚುವ ಹೊತ್ತಿಗೆ ಊಟ ಮುಗಿಸುವುದು. ಎಲ್ಲಕ್ಕಿಂತ ದೊಡ್ಡ ನಿಯಮ ನೀರಿನದು. ನೀರನ್ನು ಕೂತು ಕುಡಿಯಬೇಕು, ಗುಟುಕು ಗುಟುಕಾಗಿ, ಬಾಯಲ್ಲಿ ಒಂದು ಸುತ್ತು ತಿರುಗಿಸಿ ನುಂಗಬೇಕು. ನಮ್ಮ ಕುಟುಂಬದ ವಾಟ್ಸ್ಯಾಪ್ ಗುಂಪಿನಲ್ಲಿ ದಿನಾ ಬೆಳಿಗ್ಗೆ ಅವರ ಧ್ವನಿ. "ಎದ್ದಿರಾ? ಎದ್ದಿದ್ದರೆ ಕೂತುಕೊಳ್ಳಿ. ಕೂತಿದ್ದರೆ ನೀರು ಕುಡೀರಿ." ನಾನು ಅದನ್ನು ಮಲಗಿಕೊಂಡೇ ಕೇಳುತ್ತಿದ್ದೆ. ಫರಂಗಿಪೇಟೆ ಜಂಕ್ಷನ್ನಿನಲ್ಲಿ ಝೆರಾಕ್ಸ್ ಅಂಗಡಿ ಇಟ್ಟುಕೊಂಡವನ ಹೊಟ್ಟೆ ಎಷ್ಟಿರುತ್ತದೋ ಅಷ್ಟು ಹೊಟ್ಟೆ ನನಗುಂಟು. ಮಾವ ನನ್ನ ಮುಖಕ್ಕಿಂತ ಮೊದಲು ಅದನ್ನು ಮಾತಾಡಿಸುತ್ತಿದ್ದರು. "ಊಟ ಬಲ್ಲವನಿಗೆ ರೋಗವಿಲ್ಲ" ಎಂದು ಅವರು ಶುರುಮಾಡಿದರೆ ಅವರ ಹೆಂಡತಿ, ನನ್ನ ಮಾಮಿ, ಒಳಗಿನಿಂದಲೇ, "ಮಾತು ಬಲ್ಲವನಿಗೆ ಜಗಳವಿಲ್ಲ, ಅದನ್ನೂ ಸ್ವಲ್ಪ ಕಲೀರಿ" ಎನ್ನುತ್ತಿದ್ದರು.

ಅಮ್ಮನೆಂದರೆ ಇದಕ್ಕೆಲ್ಲ ನೇರ ವಿರುದ್ಧ. ಮೂಡುಬಿದಿರೆಯ ಬಸ್ ನಿಲ್ದಾಣದ ಹತ್ತಿರ ಹೊಲಿಗೆ ಅಂಗಡಿ ನಡೆಸಿ ನನ್ನನ್ನು ದೊಡ್ಡವನನ್ನಾಗಿ ಮಾಡಿದವಳು. ಮೆಷಿನಿನಿಂದ ಏಳುವುದಕ್ಕೇ ಪುರುಸೊತ್ತಿರಲಿಲ್ಲ, ಇನ್ನು ನೀರಿಗಾಗಿ ಕೂರುವುದೆಲ್ಲಿ? ನಿಂತೇ ಲೋಟವನ್ನು ಮೇಲೆತ್ತಿ, ತುಟಿಗೆ ತಾಗಿಸದೆ, ಒಂದೇ ಉಸಿರಿಗೆ ಗಂಟಲಿಗೆ ಹೊಯ್ದುಕೊಳ್ಳುವುದು ಅವಳ ಕ್ರಮ. ನೀರಾದರೂ ಅಷ್ಟೆ, ಚಹಾ ಆದರೂ ಅಷ್ಟೆ. "ಅಕ್ಕ, ನೀನು ಕುಡಿಯುವುದಲ್ಲ, ಬಾವಿಗೆ ಹಾಕುವುದು" ಎಂದು ಮಾವ ಕೂಗಾಡುತ್ತಿದ್ದರು.

ನಾಲ್ಕು ವರ್ಷದ ಕೆಳಗೆ ಆಟಿ ಅಮಾವಾಸ್ಯೆಗೆ ನಾವಿಬ್ಬರೂ ಕೊಕ್ಕಡಕ್ಕೆ ಹೋಗಿದ್ದೆವು. ಹಿಂದಿನ ಸಂಜೆಯೇ ಮಾವ ತೋಟದಾಚೆಯ ಕಾಡಿನಂಚಿಗೆ ಹೋಗಿ ಪಾಲೆ ಮರವನ್ನು ಗುರುತಿಸಿ, ಅದರ ಬುಡದಲ್ಲಿ ಜಜ್ಜುವ ಕಲ್ಲನ್ನು ಇಟ್ಟು ಬಂದಿದ್ದರು. ಕತ್ತಲೆಯಲ್ಲಿ ಕಾಲಿಗೆ ಕಲ್ಲು ಸಿಕ್ಕಿದರೆ ಅದೇ ಮರ. ಹಿಂದಿನಿಂದ ಎಲ್ಲರೂ ಹೀಗೆಯೇ ಮಾಡಿಕೊಂಡು ಬಂದದ್ದು. ಆದರೆ ರಾತ್ರಿಯ ಮಳೆಗೆ ಮೇಲಿನ ಇಳಿಜಾರಿನಿಂದ ನೀರು ಬಂದು, ಕಲ್ಲು ಜರುಗಿ ಪಕ್ಕದ ಮರದ ಬುಡ ಸೇರಿತ್ತು. ಆ ಪಕ್ಕದ ಮರ ಕಾಸರಕ. ಅದರ ತೊಗಟೆಯೂ ಕಹಿಯೇ, ಆದರೆ ವಿಷದ ಕಹಿ. ಮಾವನ ಕಾಲಿಗೆ ಕಲ್ಲು ಸಿಕ್ಕಿತು. ಅವರು ನಿಯಮವನ್ನು ಕೂದಲೆಳೆಯಷ್ಟೂ ಮುರಿಯುವವರಲ್ಲ. ಟಾರ್ಚು ಒಯ್ದಿರಲಿಲ್ಲ.

ಕಷಾಯ ಲೋಟಗಳಿಗೆ ಬಂತು. ಮಾವ ನನ್ನನ್ನೂ ಮಾಮಿಯನ್ನೂ ಎದುರಿಗೆ ಕೂರಿಸಿಕೊಂಡು ಪಾಲೆಯ ಮಹಿಮೆಯ ಬಗ್ಗೆ ಭಾಷಣ ಶುರುಮಾಡಿದರು. ಭಾಷಣ ಮುಗಿಯದೆ ಲೋಟ ಎತ್ತುವಂತಿಲ್ಲ, ಎತ್ತಿದರೂ ಒಂದು ಗುಟುಕು, ಮತ್ತೆ ಮಾತು. ಅಮ್ಮ ಅಡುಗೆಮನೆಯಲ್ಲಿ ಗಂಜಿ ಇಳಿಸುತ್ತಿದ್ದಳು. ತನ್ನ ಪಾಲನ್ನು ನಿಂತಲ್ಲೇ ಎತ್ತಿ ಹೊಯ್ದುಕೊಂಡು ಲೋಟ ತೊಳೆದಿಟ್ಟಾಗಿತ್ತು. ನಾವು ಎರಡನೆಯ ಗುಟುಕಿನಲ್ಲಿದ್ದಾಗ ಅವಳು ಬಾಗಿಲಿಗೆ ಬಂದು ನಿಂತಳು.

"ಸಂಜೀವ, ದವಡೆ ಹಿಡಿದ ಹಾಗೆ ಆಗ್ತಾ ಉಂಟು ಮಾರಾಯ."

"ಖಾಲಿ ಹೊಟ್ಟೆ ಅಲ್ವಾ, ಪಿತ್ತ" ಎಂದರು ಮಾವ. ಅಷ್ಟರಲ್ಲಿ ಒಳಗೆ ಪಾತ್ರೆಯ ಮುಚ್ಚಳ ಜಾರಿ ನೆಲಕ್ಕೆ ಬಿತ್ತು. ಆ ಸದ್ದಿಗೆ ಅಮ್ಮನ ಇಡೀ ಮೈ ಬಿಲ್ಲಿನ ಹಾಗೆ ಹಿಂದಕ್ಕೆ ಬಾಗಿತು. ಪ್ರಜ್ಞೆ ತಪ್ಪಿರಲಿಲ್ಲ. ಕಣ್ಣುಗಳು ನಮ್ಮನ್ನೇ ನೋಡುತ್ತಿದ್ದವು. ಮಾವ ತಮ್ಮ ಲೋಟವನ್ನು ಮೂಸಿದರು, ಬೆರಳಿನಲ್ಲಿ ಹಿಂಡಿ ಮಿಕ್ಕ ತೊಗಟೆಯನ್ನು ತಿರುಗಿಸಿ ನೋಡಿದರು. "ಹಾಲಿಲ್ಲ, ಇದರಲ್ಲಿ ಹಾಲೇ ಇಲ್ಲ" ಎಂದರು. ಅವರ ಮುಖ ಹೇಗಾಯಿತೆಂದು ನಾನು ಬರೆಯಲಾರೆ.

ಊರಿನ ಡಾಕ್ಟರು ಕಂಡ ಕೂಡಲೇ ಅರ್ಥಮಾಡಿಕೊಂಡರು. ಚುಚ್ಚುಮದ್ದು ಕೊಟ್ಟು, ಅಮ್ಮನ ಕಿವಿಗೆ ಹತ್ತಿ ತುರುಕಿ, ಕಣ್ಣಿಗೆ ಬಟ್ಟೆ ಕಟ್ಟಿ, ಮಾವನ ಹಳೆಯ ವ್ಯಾನಿನ ಹಿಂದೆ ತಾವೇ ಹತ್ತಿ ಕೂತರು. "ಮಂಗಳೂರಿಗೆ ಹೋಗುವ. ಒಂದು ಮಾತು. ಸದ್ದಾದರೆ ಸೆಳೆತ ಬರ್ತದೆ. ಅವರನ್ನು ಸುಮ್ಮಸುಮ್ಮನೆ ಮುಟ್ಟಬೇಡಿ, ಮಾತಾಡಬೇಡಿ. ಹಾರ್ನ್ ಹಾಕಲಿಕ್ಕೇ ಇಲ್ಲ."

ವ್ಯಾನು ಬಿಟ್ಟವನು ನಾನು. ನಮ್ಮ ಹೆದ್ದಾರಿಯಲ್ಲಿ ಹಾರ್ನ್ ಇಲ್ಲದೆ ಹೋಗುವುದೆಂದರೆ ಏನೆಂದು ಈ ಕಡೆ ಓಡಾಡಿದವರಿಗೆ ಗೊತ್ತು. ಇಲ್ಲಿ ಬ್ರೇಕ್ ಇಲ್ಲದಿದ್ದರೂ ಬಸ್ಸು ಓಡೀತು, ಹಾರ್ನ್ ಇಲ್ಲದಿದ್ದರೆ ಓಡದು. ಉಪ್ಪಿನಂಗಡಿ ದಾಟಿದ ಮೇಲೆ ಹಿಂದಿನಿಂದ ಬಂದ ಪ್ರತಿಯೊಂದು ಬಸ್ಸೂ ಕೂಗಿಕೊಂಡೇ ಮುಂದೆ ಹೋಯಿತು. ಒಂದೊಂದು ಕೂಗಿಗೂ ಹಿಂದಿನ ಸೀಟಿನಲ್ಲಿ ಅಮ್ಮನ ಹಿಮ್ಮಡಿ ತಗಡಿಗೆ ಬಡಿಯುವುದು ನನಗೆ ಕೇಳುತ್ತಿತ್ತು. ಕನ್ನಡಿಯಲ್ಲಿ ನೋಡುವ ಧೈರ್ಯವಾಗಲಿಲ್ಲ.

ಕಲ್ಲಡ್ಕದಲ್ಲಿ ವಾಹನಗಳು ಕಟ್ಟಿಕೊಂಡು ನಿಂತಿದ್ದವು. ಎದುರು ಲಾರಿ, ಹಿಂದೆ ಬಸ್ಸು, ಬಸ್ಸಿನ ಚಾಲಕ ಹಾರ್ನಿನ ಮೇಲೆ ಕೈಯಿಟ್ಟು ಮರೆತುಬಿಟ್ಟವನಂತೆ ಒತ್ತುತ್ತಲೇ ಇದ್ದ. ಮಾವ ಬಾಗಿಲು ತೆರೆದು ಮಳೆಗೆ ಹಾರಿದರು. ಬೊಬ್ಬೆ ಹೊಡೆಯುವಂತಿಲ್ಲ, ಬೊಬ್ಬೆಯೂ ಸದ್ದೇ. ಹೆಗಲ ಮೇಲಿನ ಬೈರಾಸು ವಸ್ತ್ರವನ್ನು ಬೀಸುತ್ತಾ ಬಸ್ಸಿನ ಮುಂದೆ ನಿಂತರು, ತುಟಿಗೆ ಬೆರಳಿಟ್ಟರು, ಎರಡೂ ಕೈ ಜೋಡಿಸಿದರು. ಅಲ್ಲಿಂದ ಲಾರಿಗೆ, ಲಾರಿಯಿಂದ ಅದರಾಚೆಯ ರಿಕ್ಷಾಕ್ಕೆ. ದಿನವಿಡೀ ಮಾತಾಡುತ್ತಿದ್ದ ಮನುಷ್ಯ ಬಾಯಿಯಿಲ್ಲದವರಂತೆ ಕಲ್ಲಡ್ಕದ ಪೇಟೆಯುದ್ದಕ್ಕೂ ಕೈಮುಗಿಯುತ್ತಾ ಓಡಿದರು. ಯಾರೋ ಅಂಗಡಿಯವರಿಗೆ ಅರ್ಥವಾಗಿ ಅವರೂ ರಸ್ತೆಗಿಳಿದರು. ಹಾರ್ನುಗಳು ಒಂದೊಂದಾಗಿ ನಿಂತವು, ದಾರಿ ತೆರೆಯಿತು. ಅಷ್ಟು ಮೌನವಾದ ಕಲ್ಲಡ್ಕವನ್ನು ನಾನು ಹಿಂದೆಯೂ ಕಂಡಿಲ್ಲ, ಮುಂದೆಯೂ ಕಂಡಿಲ್ಲ.

ಅಮ್ಮ ಬದುಕಿದಳು. ಕತ್ತಲೆ ಕೋಣೆಯಲ್ಲಿ ಕೆಲವು ದಿನ ಮಲಗಿ, ಎದ್ದ ಮೇಲೆ ಮೊದಲು ಕೇಳಿದ್ದು ಯಾರದೋ ಮದುವೆಗೆ ಹೊಲಿಯಬೇಕಾಗಿದ್ದ ರವಿಕೆಯ ಬಗ್ಗೆ. ನಮಗೆ ಮೂವರಿಗೆ ಆಗಿದ್ದು ಒಂದಷ್ಟು ಹೊತ್ತಿನ ಸೆಡೆತ, ಅಷ್ಟೆ. ನಾವು ಗುಟುಕು ಗುಟುಕಾಗಿ ಕುಡಿದವರು.

ಮನಸ್ಸಿಗೆ ಹಚ್ಚಿಕೊಂಡವರು ಮಾವ. ಆಸ್ಪತ್ರೆಯ ಕೋಣೆಯೊಳಗೆ ಕಾಲಿಡದೆ ಹೊರಗಿನ ಗೋಡೆಗೆ ಒರಗಿ ನಿಂತಿರುತ್ತಿದ್ದರು. ವಾಟ್ಸ್ಯಾಪ್ ಗುಂಪು ಬಿಟ್ಟರು. ಬೆಳಗಿನ ನಡಿಗೆ ಬಿಟ್ಟರು, ಮಾತ್ರೆಯನ್ನು ದಿಂಬಿನ ಅಡಿಗೆ ಹಾಕತೊಡಗಿದರು, ಹೊತ್ತಲ್ಲದ ಹೊತ್ತಿಗೆ ಸಿಕ್ಕಿದ್ದನ್ನು ತಿಂದರು. ತಿನ್ನುವ ಕುಡಿಯುವ ವಸ್ತುವನ್ನು ಯಾರ ಕೈಗೂ ಕೊಡಲಿಲ್ಲ. ಅಮ್ಮ ನೀರು ಕೇಳಿದರೂ ಮಾಮಿಯನ್ನು ಕರೆಯುತ್ತಿದ್ದರು. "ಆದದ್ದು ಆಯ್ತು, ಬಿಡು" ಎಂದು ಅಮ್ಮ ಎಷ್ಟು ಸಲ ಹೇಳಿದಳೋ. ಮಾವ ತಲೆಯಾಡಿಸುತ್ತಿದ್ದರು, ಅಷ್ಟೆ. ಅವರ ಭಾಷಣಗಳನ್ನು ಮಲಗಿಕೊಂಡು ಕೇಳುತ್ತಿದ್ದ ನನಗೆ ಅವು ಇಲ್ಲದ ಬೆಳಗುಗಳು ಬಿಕೋ ಎನ್ನಿಸುತ್ತಿದ್ದವು.

ಕಳೆದ ವಾರ ಮಾಮಿ ಫೋನಿನಲ್ಲಿ ಅತ್ತರು. ಮಾವನ ಪಾದಗಳಲ್ಲಿ ಸ್ಪರ್ಶ ಕಡಿಮೆಯಾಗುತ್ತಿದೆಯಂತೆ. "ನಡೀಬೇಕು, ಹೊತ್ತಿಗೆ ಸರಿಯಾಗಿ ಉಣ್ಬೇಕು, ಮಾತ್ರೆ ತಪ್ಪಿಸಬಾರದು. ಇಲ್ಲದಿದ್ದರೆ ಬೆರಳಿನಿಂದ ಕತ್ತರಿಸಲಿಕ್ಕೆ ಶುರುಮಾಡಬೇಕಾಗ್ತದೆ" ಎಂದಿದ್ದರಂತೆ ಡಾಕ್ಟರು. ಹೀಗೆ ಅಮ್ಮ ಅವರನ್ನು ನಮ್ಮ ಫರಂಗಿಪೇಟೆಯ ಮನೆಗೆ ಎಳೆದುಕೊಂಡು ಬಂದದ್ದು. ಆರೋಗ್ಯದ ಪಾಠವನ್ನು ಅವರಿಗೆ ಹೇಳುವವರು ಯಾರು? ನಮಗೆಲ್ಲ ಹೇಳಿಕೊಟ್ಟವರೇ ಅವರು.

ಅಕ್ಕಿ ಡ್ರಮ್ಮಿನ ಹಿಂದೆ ಏನನ್ನಾದರೂ ಅಮ್ಮನಿಂದ ಅಡಗಿಸಿಡಬಹುದೆಂದು ನಂಬಿದ್ದು ನನ್ನ ದಡ್ಡತನ. ಮಾವ ಎದ್ದು ಮುಂದಿನ ಕೋಣೆಗೆ ಬಂದು ಕೂತಿದ್ದರು. ಅಮ್ಮ ಬಾಟಲಿ ತಂದು ಮೇಜಿನ ಮೇಲಿಟ್ಟಳು.

"ಎಂತದು?" ಎಂದ ಮಾವನಿಗೆ ಉತ್ತರ ಕೊಡಬೇಕಾಗಲಿಲ್ಲ. ವಾಸನೆಯೇ ಹೇಳಿತು. "ಯಾರು ತಂದದ್ದು? ಯಾವ ಮರದ್ದು?"

"ಗೊತ್ತಿಲ್ಲ" ಎಂದು ಅಮ್ಮ ಮುಚ್ಚಳ ತಿರುಗಿಸಿದಳು. "ನಾಲ್ಕು ವರ್ಷ ಆಯ್ತು, ಬಾಯಿ ಕಹಿ ಮಾಡಿಕೊಳ್ಳದೆ." ಬಾಟಲಿಯನ್ನು ಮೇಲೆತ್ತಿದಳು, ತನ್ನ ಹಳೆಯ ಕ್ರಮದಲ್ಲಿ. ನಾನು ಎದ್ದು ನಿಂತುಬಿಟ್ಟೆ. ಮಾವ ನನಗಿಂತ ಮೊದಲು ಅವಳ ಮಣಿಕಟ್ಟು ಹಿಡಿದಿದ್ದರು.

"ಅಕ್ಕ! ಬೇಡ!"

"ಇದು ಬೇಡದಿದ್ದರೆ ನೀನು ತಂದುಕೊಡು."

"ನನ್ನ ಕೈಯಿಂದಲಾ?"

"ಮತ್ತೆ ಯಾರ ಕೈಯಿಂದ? ರೈಲು ಹಳಿಯ ಆಚೆ ಮರ ಉಂಟು. ಚಪ್ಪಲಿ ಹಾಕಿಕೋ, ಹೋಗುವ."

ಮಾವ ಕಿಟಕಿಯ ಹೊರಗೆ ನೋಡಿದರು. "ಬೆಳಕು ಹರಿಯಿತು. ಇನ್ನು ಮರದಲ್ಲಿ ಗುಣ ಇರುವುದಿಲ್ಲ" ಎಂದರು.

"ಗುಣ ಇಲ್ಲದಿದ್ದರೆ ಬೇಡ. ಮರ ಯಾವುದು ಅಂತ ಕಾಣಲಿ."

ಹೀಗೆ ಮಾವ ನಾಲ್ಕು ವರ್ಷಗಳ ಮೇಲೆ ಬೆಳಿಗ್ಗೆ ನಡೆದರು. ಅಮ್ಮ ಮುಂದೆ, ಅವರು ನಡುವೆ, ಬೆಣಚುಕಲ್ಲು ಹಿಡಿದುಕೊಂಡ ನಾನು ಹಿಂದೆ, ಏದುಸಿರು ಬಿಡುತ್ತಾ. ಮರದ ಕೆಳಗೆ ಮಾವ ತುಂಬ ಹೊತ್ತು ನಿಂತರು. ಒಂದು ಗೆಲ್ಲು ಬಗ್ಗಿಸಿ ಒಂದೇ ಗೆಣ್ಣಿನ ಸುತ್ತ ಕೂತ ಎಲೆಗಳನ್ನು ಬೆರಳಿಟ್ಟು ಎಣಿಸಿದರು, ಪಾಲೆಗೆ ಅದೇ ಗುರುತು. ಎಲೆ ಮುರಿದು, ಒಸರಿದ ಬಿಳಿ ಹಾಲನ್ನು ಅಮ್ಮನಿಗೆ ತೋರಿಸಿದರು, ನನಗೆ ತೋರಿಸಿದರು, ಮತ್ತೆ ತಾವೇ ನೋಡಿದರು. ಆಮೇಲೆ ಕಲ್ಲಿನಿಂದ ಜಜ್ಜಿದರು. ತೊಗಟೆಯಿಂದಲೂ ಹಾಲು ಬಂತು.

ಕಷಾಯ ಆದ ಮೇಲೆ ಮೊದಲ ಲೋಟವನ್ನು ಮಾವ ಕುಡಿದರು. "ಕಾಯುವ" ಎಂದರು. ಕಾದೆವು. ಹೆದ್ದಾರಿ ನಮ್ಮ ಕಿಟಕಿಯಿಂದ ದೂರವಿಲ್ಲ. ಒಂದು ಬಸ್ಸು ಉದ್ದಕ್ಕೆ ಹಾರ್ನ್ ಹಾಕಿತು. ಅಮ್ಮ ಬೆಳ್ಳುಳ್ಳಿ ಸಿಪ್ಪೆ ಗುಡಿಸುತ್ತಲೇ ಇದ್ದಳು. ಮಾವನ ಹೆಗಲು ಬೆಚ್ಚಿತು. ಅವರು ಗಡಿಯಾರ ನೋಡಿದರು, ದವಡೆ ಆಡಿಸಿ ನೋಡಿದರು, ಮತ್ತೆ ಗಡಿಯಾರ ನೋಡಿದರು. ನಾನು ಮಾವನ ಬಾಯನ್ನೇ ನೋಡುತ್ತಿದ್ದೆ.

ಕೊನೆಗೆ ಮಾವ ಎದ್ದು ಇನ್ನೊಂದು ಲೋಟ ತುಂಬಿದರು. ಎರಡೂ ಕೈಯಲ್ಲಿ ಹಿಡಿದು ಅಮ್ಮನ ಮುಂದೆ ಚಾಚಿದರು. ಅವಳು ತೆಗೆದುಕೊಂಡಳು. ಮಾವನ ಬಾಯಿಂದ ಮಾತು ತಾನಾಗಿಯೇ ಹೊರಬಿತ್ತು, ಹಳೆಯ ಕಾಲದ ಧ್ವನಿಯಲ್ಲೇ.

"ಕೂತು ಕುಡಿ ಅಕ್ಕ. ಗುಟುಕು ಗುಟುಕಾಗಿ."

ಅಮ್ಮ ತಮ್ಮನ ಮುಖ ನೋಡಿದಳು. ನಿಂತಲ್ಲೇ ಲೋಟವನ್ನು ಮೇಲೆತ್ತಿ ಒಂದೇ ಉಸಿರಿಗೆ ಗಂಟಲಿಗೆ ಹೊಯ್ದುಕೊಂಡಳು. ಒಂದು ಹನಿ ಬಿಡಲಿಲ್ಲ. ಖಾಲಿ ಲೋಟವನ್ನು ಅವರ ಕೈಗೇ ವಾಪಸು ಕೊಟ್ಟು, ಮುಖ ಕಿವುಚಿಕೊಂಡು, "ಬೆಲ್ಲ ಎಲ್ಲಿ?" ಎಂದಳು.

ಮಾವ ಅಲ್ಲೇ ಕುಸಿದು ಕೂತು ಅತ್ತರು. ಅಳುತ್ತಲೇ, "ಬಾವಿಗೆ ಹಾಕಿದ ಹಾಗೆ ಹಾಕಿದಳು, ನೋಡು" ಎಂದು ನನಗೆ ದೂರು ಹೇಳಿದರು. ನನಗೂ ಕಣ್ಣು ತುಂಬಿತು. ನನ್ನ ಲೋಟ ಹಿಡಿದು ಅವರ ಪಕ್ಕದಲ್ಲಿ ನೆಲದ ಮೇಲೆ ಕೂತೆ. ಗುಟುಕು ಗುಟುಕಾಗಿ, ಬಾಯಲ್ಲಿ ಒಂದೊಂದು ಸುತ್ತು ತಿರುಗಿಸಿ, ಆ ಅಸಾಧ್ಯ ಕಹಿಯನ್ನು ಪೂರ್ತಿ ಕುಡಿದೆ. ಮನೆಯಲ್ಲಿ ಒಬ್ಬರಾದರೂ ಮಾವನ ಮಾತು ಕೇಳಬೇಕಲ್ಲ.