ಪಟ್ಟಿಯಲ್ಲಿದ್ದ ಎರಡನೇ ಪಂಪು

ಪಾಲಿಬೆಟ್ಟದ ಹತ್ತಿರ ಒಂದು ಎಸ್ಟೇಟಿನ ಪಲ್ಪ್‌ಹೌಸಿನಲ್ಲಿ ನನಗೆ ಕೆಲಸ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿ ಬೀಜ ತೊಳೆಯುವ ಜಾಗ ಅದು. ಸೇರಿದ ವರ್ಷ ಮ್ಯಾನೇಜರ್ ನನಗೆ ವಹಿಸಿದ ಮೊದಲ ಕೆಲಸ, ದಿನಕ್ಕೆ ಎಷ್ಟು ಹಣ್ಣು ತೆಗೆದುಕೊಳ್ಳಬಹುದೆಂದು ಲೆಕ್ಕ ಹಾಕುವುದು. ಸ್ಟಾಕ್ ರಿಜಿಸ್ಟರ್ ನೋಡಿ ಅಚ್ಚುಕಟ್ಟಾಗಿ ಪಟ್ಟಿ ಮಾಡಿದೆ. ನೀರಿನ ಪಂಪು ಎರಡು: ಒಂದು ಓಡುವುದು, ಒಂದು ಸ್ಪೇರ್. ಒಂದು ಕೆಟ್ಟರೂ ಕೆಲಸ ನಿಲ್ಲದು, ಪಕ್ಕದ ತೋಟದ ಹಣ್ಣನ್ನೂ ಒಪ್ಪಿಕೊಳ್ಳಬಹುದು ಎಂದು ಬರೆದು ಅಡಿಗೆರೆ ಎಳೆದೆ.

ಫೆಬ್ರವರಿಯಲ್ಲಿ ಪಕ್ಕದ ತೋಟದ ಹಣ್ಣು ಮೊದಲ ಸಲ ಬಂತು. ಟ್ರಾಕ್ಟರಿನಿಂದ ಮೂಟೆಗಳು ಇಳಿದು ಮುಗಿಯುವಷ್ಟರಲ್ಲಿ ಪಂಪು ಕಿರ್ರೆಂದು ಅರಚಿ ನಿಂತಿತು. ಬೇರಿಂಗ್ ಹೋಗಿತ್ತು. ನೀರಿಲ್ಲದೆ ಸಿಪ್ಪೆ ಬಿಡಿಸುವ ಯಂತ್ರ, ಪಲ್ಪರ್, ಓಡುವುದಿಲ್ಲ. ಹಣ್ಣನ್ನು ಅಂದೇ ಬಿಡಿಸದಿದ್ದರೆ ಮೂಟೆಯೊಳಗೇ ಬಿಸಿಯೇರಿ ಹುಳಿ ವಾಸನೆ ಹಿಡಿಯುತ್ತದೆ. ಅಷ್ಟೂ ನನ್ನ ಮಾತು ನಂಬಿ ಬಂದ ಹಣ್ಣು.

ನಾನು ಗಾಬರಿಯಾಗಲಿಲ್ಲ. ಮೂಲೆಯ ಸಿಮೆಂಟ್ ಕಟ್ಟೆಯ ಮೇಲಿದ್ದ ಟಾರ್ಪಾಲನ್ನು ಎಳೆದೆ. ಅಡಿಯಲ್ಲಿ ನಾಲ್ಕು ಬೋಲ್ಟುಗಳೂ ಎರಡು ಖಾಲಿ ಗೋಣಿಗಳೂ ಇದ್ದವು.

"ಸ್ಪೇರ್ ಎಲ್ಲಿ?"

ಇಪ್ಪತ್ತು ವರ್ಷದಿಂದ ಅಲ್ಲಿರುವ ಫಿಟ್ಟರ್ ನನ್ನನ್ನೇ ವಿಚಿತ್ರವಾಗಿ ನೋಡಿದರು. "ಹೊಳೆ ಹತ್ರ ಉಂಟಲ್ಲ ಮೇಡಂ. ಮೇಲಿನ ಕೆರೆಗೆ ನೀರು ಎತ್ತುತ್ತಾ ಉಂಟು. ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಬಿಡುವುದು ಬೇಡವಾ?"

"ನನಗೆ ಯಾರೂ ಹೇಳಲಿಲ್ಲ."

"ಪ್ರತಿ ವರ್ಷ ಹೋಗ್ತದೆ. ಹೂವಿನ ಸಮಯದಲ್ಲಿ ಯಾರಾದ್ರೂ ಪಂಪನ್ನು ಸುಮ್ಮನೆ ಕೂರಿಸ್ತಾರಾ?"

ಮೂಟೆಗಳ ಮೇಲೆ ಕೂತಿದ್ದ ಹೆಂಗಸರಲ್ಲಿ ಒಬ್ಬಳು ಕೂಗಿದಳು: "ಮೇಡಂ, ಅವಸರ ಮಾಡ್ಬೇಡಿ. ಸಾಯಂಕಾಲಕ್ಕೆ ಇದೇ ಹೆಂಡ ಆಗ್ತದೆ, ಎಲ್ಲರೂ ಕುಡ್ಕೊಂಡು ಹೋಗುವ!" ನಗು ಕಣದ ಆ ತುದಿಯವರೆಗೂ ಹೋಯಿತು. ನಾನೂ ನಕ್ಕೆ, ಸ್ವಲ್ಪ ತಡವಾಗಿ.

ಮ್ಯಾನೇಜರಿಗೆ ಫೋನ್ ಮಾಡಿ ನನ್ನ ಪಟ್ಟಿ ತಪ್ಪು ಎಂದೆ. ಸ್ಪೇರ್ ಹೊಳೆಯ ಹತ್ತಿರವಿದೆ ಎಂದೆ.

"ಗೊತ್ತಮ್ಮ, ನಾನೇ ಕಳಿಸಿದ್ದು. ಪಟ್ಟಿ ಓದುವಾಗ ನಂಗೂ ಅದು ಹೊಳೇಲಿರೋದು ನೆನಪಾಗ್ಲೇ ಇಲ್ಲ ನೋಡಿ!"

"ತಂದರೆ ಹೂವಿಗೆ ತೊಂದರೆ ಆಗುತ್ತದಾ ಸರ್?"

"ಕೆರೆ ಮುಕ್ಕಾಲು ತುಂಬಿದೆ. ನಾಳೆವರೆಗೆ ಸ್ಪ್ರಿಂಕ್ಲರ್ ಓಡ್ತದೆ. ಈಗಲೇ ತರಿಸಿ."

ಹಣ್ಣು ತಂದಿದ್ದ ಟ್ರಾಕ್ಟರಿನಲ್ಲೇ ಪಂಪು ಬಂತು. ಮೈತುಂಬ ಕೆಸರು, ಜಾಲರಿಯಲ್ಲಿ ಒಂದು ಏಡಿ. ಏಡಿಯನ್ನು ಆ ಹೆಂಗಸೇ ಬಕೆಟ್ಟಿಗೆ ಹಾಕಿಕೊಂಡಳು, ಸಾರಿಗಂತೆ. ಅರ್ಧ ಗಂಟೆಯಲ್ಲಿ ಪಂಪು ಕಟ್ಟೆಯ ಮೇಲೆ ಕೂತು ನೀರು ಎಳೆಯಿತು. ಸೂರ್ಯ ಮುಳುಗುವ ಮೊದಲು ಕೊನೆಯ ಮೂಟೆ ಪಲ್ಪರಿನೊಳಗೆ ಇಳಿಯಿತು. ಬೀಜವನ್ನು ಮೂಸಿ ನೋಡಿದೆ, ಹುಳಿ ವಾಸನೆ ಇರಲಿಲ್ಲ.

ಅಷ್ಟರಲ್ಲಿ ಫಿಟ್ಟರ್ ಹಳೆಯ ಪಂಪಿಗೆ ಹೊಸ ಬೇರಿಂಗ್ ಕೂರಿಸಿದ್ದರು. ಕೈ ಒರೆಸಿಕೊಳ್ಳುತ್ತ ಕೇಳಿದರು: "ಹಾಗಾದ್ರೆ ಸ್ಪೇರನ್ನು ಬೆಳಿಗ್ಗೆ ಹೊಳೆಗೆ ತಗೊಂಡು ಹೋಗ್ಲಾ ಮೇಡಂ?"

ಬೇಡ ಎನ್ನಬೇಕಿತ್ತು. ನಾನು ಕಲಿತ ಪಾಠದ ಪ್ರಕಾರ ಸ್ಪೇರ್ ಕಟ್ಟೆ ಬಿಟ್ಟು ಕದಲಬಾರದು. ಆದರೆ ಹೂವಿಗೆ ನೀರಿಲ್ಲದಿದ್ದರೆ ಮುಂದಿನ ವರ್ಷ ಬಿಡಿಸಲು ಹಣ್ಣೇ ಇರುವುದಿಲ್ಲ.

"ತಗೊಂಡು ಹೋಗಿ. ಹೋಗುವಾಗ ನನಗೆ ಹೇಳಿ."

ಆ ಸಂಜೆ ಪಟ್ಟಿಯನ್ನು ಹೊಸದಾಗಿ ಬರೆದೆ. ಪಂಪು ಮೂರು ಬೇಕು ಎಂದೆ. ಮೂರನೆಯದು ಬರುವವರೆಗೆ, ಸ್ಪೇರ್ ಹೊಳೆಯಲ್ಲಿರುವ ದಿನಗಳಲ್ಲಿ ಪಕ್ಕದ ತೋಟದ ಹಣ್ಣು ಬೇಡ ಎಂದೂ ಸೇರಿಸಿದೆ. ಅಡಿಗೆರೆ ಎಳೆಯಲಿಲ್ಲ.