ವಿರುಪಾಕ್ಷ ಕಾಕಾನ ಕೂಗುವ ಕೋಲು

ಮೆಲ್ಬರ್ನ್ ಹತ್ತಿರದ ಟಾರ್ನೀಟ್‌ನ ನಮ್ಮ ಓಣಿಯಲ್ಲಿ ಎಲ್ಲರೂ ಅವರನ್ನು ಅಂಕಲ್ ಎನ್ನುತ್ತಾರೆ. ಕಾಕಾ ಎನ್ನುವವಳು ನಾನೊಬ್ಬಳೇ. ನಾನು ಧಾರವಾಡದವಳು, ಅವರು ಹುಬ್ಬಳ್ಳಿಯವರು. ಇಷ್ಟು ದೂರ ಬಂದ ಮೇಲೆ ಅಷ್ಟು ಹತ್ತಿರದವರು ಸಿಕ್ಕರೆ ನಂಟಸ್ತನ ಕಟ್ಟಿಕೊಳ್ಳದೆ ಇನ್ನೇನು ಮಾಡುವುದು? ವಿರುಪಾಕ್ಷ ಕಾಕಾನಿಗೆ ಅರವತ್ತೇಳು. ರೈಲ್ವೆ ಸಿಗ್ನಲ್ ರಿಪೇರಿ ಕೆಲಸದಿಂದ ನಿವೃತ್ತರಾಗಿ ಎರಡು ವರ್ಷವಾಯಿತು. ನಿವೃತ್ತರಾದವರು ಗುಡಿಗೆ ಹೋಗುತ್ತಾರೆ, ಮೊಮ್ಮಕ್ಕಳನ್ನು ಆಡಿಸುತ್ತಾರೆ. ಇವರು ಕೈಯಲ್ಲಿ ಒಂದು ಉದ್ದನೆಯ ಕೋಲು ಹಿಡಿದು, ಕಿವಿಗೆ ಹೆಡ್‌ಫೋನ್ ಏರಿಸಿ, ಪಾರ್ಕುಗಳಲ್ಲಿ ಕಸ ಗುಡಿಸಿದ ಹಾಗೆ ಓಡಾಡುತ್ತಾರೆ.

ಅದು ಮೆಟಲ್ ಡಿಟೆಕ್ಟರ್. ಕಾಕಾನ ಗ್ಯಾರೇಜಿನಲ್ಲಿ ಅಂಥವು ಮೂರು ನೇತಾಡುತ್ತಿವೆ, ಮೂರೂ ನನಗಿಂತ ಹಿರಿಯವು. ಎಲ್ಲಕ್ಕಿಂತ ಹಳೆಯದಕ್ಕೆ ಅವರು ಇಟ್ಟ ಹೆಸರು ಮುದುಕಿ. ಮುದುಕಿಗೆ ಪರದೆಯಿಲ್ಲ, ನಂಬರಿಲ್ಲ. ಎರಡು ತಿರುಗುಗುಂಡಿ, ಬಣ್ಣ ಹೋದ ಒಂದು ಪೆಟ್ಟಿಗೆ, ಅಷ್ಟೆ. ನೆಲದೊಳಗೆ ಏನಿದೆ ಎಂದು ಸದ್ದಿನಲ್ಲೇ ಹೇಳಬೇಕು, ಕೇಳುವವರು ಕಿವಿಯಲ್ಲೇ ತಿಳಿಯಬೇಕು.

ನನ್ನ ಬಾಯಿ ಸುಮ್ಮನಿರುವ ಜಾತಿಯದಲ್ಲ. "ಏನ್ ಕಾಕಾ, ಇವತ್ತ ಎಷ್ಟ ಬಾಟಲಿ ಬಿರಡಿ ಸಿಕ್ಕವು?" ಎಂದು ಗೇಟಿನಿಂದಲೇ ಕೂಗುತ್ತಿದ್ದೆ. ಅವರು ನಗುತ್ತಿದ್ದರು. ಅವರ ಹೆಂಡತಿ ಸಂಧ್ಯಾರಾಣಿ ಕಾಕು ಒಳಗಿನಿಂದ ದನಿಗೂಡಿಸುತ್ತಿದ್ದರು: "ಕಟ್ಕೊಂಡಾಕಿ ಮಾತ ಕೇಳೂದಿಲ್ಲ, ಆ ಮುದುಕಿ ಮಾತ ಮಾತ್ರ ಕೇಳ್ತಾರ ನೋಡವಾ."

ಕೇಳುವುದೇ ಅವರ ಕಸುಬಾಗಿತ್ತು. ಹುಡುಗರಾಗಿದ್ದಾಗ ಹುಬ್ಬಳ್ಳಿ ದುರ್ಗದಬೈಲಿನ ಸಂದಿಯೊಂದರಲ್ಲಿ ಸೋದರಮಾವನ ರೇಡಿಯೋ ರಿಪೇರಿ ಅಂಗಡಿಯಲ್ಲಿ ಕೂಡುತ್ತಿದ್ದರಂತೆ. ಗಿರಾಕಿ ರೇಡಿಯೋ ತಂದಿಟ್ಟರೆ ಬಿಚ್ಚುವ ಮೊದಲೇ ಗೊರಗೊರ ಸದ್ದು ಕೇಳಿ ರೋಗ ಇಂಥಲ್ಲಿದೆ ಎಂದು ಹೇಳುತ್ತಿದ್ದರು. ಅಂಗಡಿ ಮುಚ್ಚಿತು, ಕಿವಿ ಉಳಿಯಿತು. ಸಿಡ್ನಿಗೆ ಬಂದ ಹೊಸತರಲ್ಲಿ ಹ್ಯಾರಿಸ್ ಪಾರ್ಕ್ ಎಂಬ ಬಡಾವಣೆಯ ಒಂದು ರೂಮಿನಲ್ಲಿ ರೆಂಟ್‌ಗೆ ಇದ್ದರು, ಭಾನುವಾರಗಳು ತಿನ್ನಲು ಬರುತ್ತಿದ್ದವು. ಒಂದು ಭಾನುವಾರ ಬ್ಲ್ಯಾಕ್‌ಟೌನಿನಲ್ಲಿ ಯಾರೋ ಮನೆ ಖಾಲಿ ಮಾಡುತ್ತ ಹಳೇ ಸಾಮಾನು ಮಾರಲು ಅಂಗಳದಲ್ಲಿ ಹರಡಿದ್ದರು. ಅದರಲ್ಲಿ ಈ ಯಂತ್ರವೂ ಇತ್ತು, ಸತ್ತು ಬಿದ್ದಿತ್ತು. ಮನೆಯಾತ, ಒಯ್ಯುವುದಾದರೆ ಒಯ್ಯಿ ಎಂದ. ಸಂಜೆಯೊಳಗೆ ಸಡಿಲಾದ ಒಂದು ಬೆಸುಗೆ ಹುಡುಕಿ ಕಾಕಾ ಅದಕ್ಕೆ ಜೀವ ತಂದರು.

ಮರುದಿನ ಪಾರ್ಕಿನ ಜೋಕಾಲಿಯ ಬುಡದಲ್ಲಿ ಮುದುಕಿ ಮೊದಲ ಸಲ ಕೂಗಿತು. ಸಿಕ್ಕದ್ದು ಕಾಂಗರೂ ಚಿತ್ರದ ದೊಡ್ಡ ತಾಮ್ರದ ಪೆನ್ನಿ, ಯುದ್ಧಕಾಲದ್ದು. "ಅಲ್ಲೀತನಕ ಈ ದೇಶದಾಗ ನನ್ನ ಯಾರೂ ಮಾತಾಡಿಸಿರ್ಲಿಲ್ಲವಾ," ಎಂದು ಅವರು ನನಗೆ ಹತ್ತು ಸಲವಾದರೂ ಹೇಳಿದ್ದಾರೆ. "ಯಾವದೋ ಪೋರ ಜೋಕಾಲಿ ಆಡ್ಕೋತ ಕಿಸೇದಾಗಿಂದ ಕೆಡವಿದ್ದು. ಐವತ್ತ ವರ್ಷ ಅದು ನನ್ನ ದಾರಿ ಕಾಯ್ದಿತ್ತು ಅನಿಸ್ತು." ಮೆಲ್ಬರ್ನ್‌ಗೆ ಕೆಲಸ ವರ್ಗವಾದಾಗ ಎಲ್ಲ ಸಾಮಾನನ್ನೂ ಲಾರಿಗೆ ಹಾಕಿದರು. ಮುದುಕಿಯನ್ನು ಮಾತ್ರ ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದರು.

ಸಿಡ್ನಿಯ ಸ್ಕೋಫೀಲ್ಡ್ಸ್‌ನಲ್ಲಿರುವ ಮಗಳು ನಿವೃತ್ತಿಗೆಂದು ಪರದೆಯಿರುವ ಹೊಸ ಯಂತ್ರ ಕೊಡಿಸಿದಳು. ಅದು ನಾಣ್ಯ ಯಾವುದೆಂದು ನಂಬರು ತೋರಿಸಿಬಿಡುತ್ತದೆ. ಕಾಕಾ ಎರಡು ದಿನ ಆಡಿಸಿ ಅವಳ ಗ್ಯಾರೇಜಿನಲ್ಲೇ ಬಿಟ್ಟು ಬಂದರು. "ಅದು ಓದಿ ಹೇಳ್ತೈತಿ. ನನಗ ಕೇಳೂದ ಬೇಕು" ಎಂದರು. ಅವರ ಬಲಗಿವಿ ಹೋಗಿದ್ದು ನಮಗೆಲ್ಲ ಗೊತ್ತಿತ್ತು. ಎಡಗಿವಿ ಇದೆಯಲ್ಲ, ಹಟಮಾರಿ ಮುದುಕನಿಗೆ ಅಷ್ಟು ಸಾಕು ಎಂದುಕೊಂಡು ನಾನೂ ನಕ್ಕು ಸುಮ್ಮನಾಗಿದ್ದೆ.

ಈಗ ನನ್ನ ಮಾತಿಗೆ ಬರುತ್ತೇನೆ. ನಾನು ವಿದ್ಯಾರ್ಥಿಯಾಗಿ ಇಲ್ಲಿಗೆ ಹೊರಟಾಗ ಅವ್ವ, ದ್ಯಾಮವ್ವ, ದೇವರ ಮಾಡದಿಂದ ಒಂದು ಬೆಳ್ಳಿ ರೂಪಾಯಿ ತೆಗೆದು ಕೊಟ್ಟಿದ್ದಳು. ಪ್ರತಿ ದೀಪಾವಳಿಗೆ ಲಕ್ಷ್ಮಿಯ ಮುಂದಿಟ್ಟು ಪೂಜಿಸುತ್ತಿದ್ದ, ರಾಜನ ತಲೆಯಿರುವ ರೂಪಾಯಿ. ನಿನ್ನದು ಅಂತ ಮನೆ ಕಟ್ಟಿಸಿದಾಗ ಪಾಯಕ್ಕೆ ಹಾಕು ಎಂದಿದ್ದಳು. ಕೋವಿಡ್ ಕಾಲದಲ್ಲಿ ಅವ್ವ ತೀರಿಕೊಂಡಳು. ಗಡಿ ಮುಚ್ಚಿತ್ತು, ನಾನು ಹೋಗಲಾಗಲಿಲ್ಲ. ಮಣ್ಣು ಮಾಡಿದ್ದನ್ನು ಫೋನಿನಲ್ಲಿ ನೋಡಿದೆ. ಅವಳ ಕೈ ಮುಟ್ಟಿದ್ದು ಎಂದು ನನ್ನ ಹತ್ತಿರ ಉಳಿದದ್ದು ಆ ರೂಪಾಯಿ ಒಂದೇ.

ಹದಿನಾಲ್ಕು ವರ್ಷ ಬಾಡಿಗೆ ಮನೆಗಳಲ್ಲಿ ಕಳೆದು ಈ ವರ್ಷ ಇಲ್ಲೇ ಹತ್ತಿರದ ಟ್ರುಗನಿನಾದಲ್ಲಿ ಸೈಟು ಕೊಂಡೆವು. ಮಾರ್ಚ್ ತಿಂಗಳಲ್ಲಿ ಗುದ್ದಲಿ ಪೂಜೆ ಮಾಡಿದೆವು. ಧಾರವಾಡದ ಅಯ್ಯನವರು ವಿಡಿಯೋ ಕಾಲ್‌ನಲ್ಲಿ ಮಂತ್ರ ಹೇಳಿದರು, ನನ್ನ ಗಂಡ ಸುಧನ್ವ ಫೋನ್ ಹಿಡಿದ. ನಡುಮಧ್ಯಾಹ್ನದ ಅಭಿಜಿನ್ ಮುಹೂರ್ತದಲ್ಲಿ ಈಶಾನ್ಯ ಮೂಲೆಯಲ್ಲಿ ಒಂದು ಗೇಣು ಅಗೆದು, ಅರಿಷಿಣ ಹಚ್ಚಿದ ಬಟ್ಟೆಯಲ್ಲಿ ಸುತ್ತಿ ರೂಪಾಯಿ ಹುಗಿದೆ. ಮನಸ್ಸು ಹಗುರಾಯಿತು.

ಜುಲೈ ತಿಂಗಳ ಒಂದು ಶುಕ್ರವಾರ ಬಿಲ್ಡರ್‌ನ ಕಡೆಯವನು ಫೋನ್ ಮಾಡಿದ. ಸೋಮವಾರ ಬೆಳಿಗ್ಗೆ ಯಂತ್ರ ಬರುತ್ತದೆ, ಸೈಟಿನ ಮೇಲ್ಮಣ್ಣನ್ನು ಒಂದಡಿ ಕೆರೆದು ಲಾರಿಯಲ್ಲಿ ಸಾಗಿಸುತ್ತೇವೆ, ಆಮೇಲೆ ಪಾಯ ಎಂದ. ಈ ದೇಶದಲ್ಲಿ ಪಾಯ ಹಾಕುವ ಮೊದಲು ಮಣ್ಣು ಕೆರೆಯುತ್ತಾರೆಂದು ಯಾರಿಗೆ ಗೊತ್ತಿತ್ತು? ಅವ್ವನ ರೂಪಾಯಿ ಯಾವುದೋ ಗುಂಡಿ ತುಂಬಲು ಹೋಗುತ್ತಿತ್ತು.

ಶನಿವಾರ ಬೆಳಿಗ್ಗೆ ಫೋನಿನ ದಿಕ್ಸೂಚಿ ನೋಡಿ ಈಶಾನ್ಯ ಮೂಲೆಯನ್ನು ಅಗೆದೆವು. ಇಲ್ಲ. ಇನ್ನೂ ಅಗಲ ಮಾಡಿದೆವು. ಇಲ್ಲ. ಪೂಜೆಯ ದಿನ ಸುತ್ತ ಬರೀ ಹುಲ್ಲಿತ್ತು. ಈಗ ಅಕ್ಕಪಕ್ಕ ಮನೆಗಳೆದ್ದು, ನಮ್ಮ ಸೈಟೆಲ್ಲ ಅವರ ಮೊಳೆ, ತಂತಿ, ಡಬ್ಬಿಗಳಿಂದ ತುಂಬಿ, ಗುರುತೇ ಸಿಗದಂತಾಗಿತ್ತು. "ರುದ್ರಾಣಿ, ಅಂಕಲ್‌ನ ಕರೀಬೋದಲ್ವಾ?" ಎಂದ ಸುಧನ್ವ. ಇಷ್ಟು ವರ್ಷ ಗೇಟಿನಿಂದ ಹಾಸ್ಯ ಮಾಡಿದವಳು ಅದೇ ಗೇಟಿನ ಮುಂದೆ ಹೋಗಿ ನಿಂತೆ. ವಿಷಯ ಕೇಳಿದ್ದೇ ಕಾಕಾ ಮುದುಕಿಗೆ ಹೊಸ ಬ್ಯಾಟರಿ ಹಾಕಿಕೊಂಡು ಹೊರಟರು.

ಸೈಟಿನ ಮಣ್ಣು ಕೈಯಲ್ಲಿ ಹಿಸುಕಿ, "ನಮ್ಮ ಎರಿ ಮಣ್ಣ ಇದ್ದಂಗ ಐತಿ" ಎಂದರು. ಗುಂಡಿ ತಿರುಗಿಸಿ ಮುದುಕಿಯನ್ನು ಆ ಮಣ್ಣಿಗೆ ಒಗ್ಗಿಸಿದರು. ಎರಡು ತಾಸಿನಲ್ಲಿ ಮೊಳೆಗಳ ರಾಶಿಯೇ ಬಂತು, ರೂಪಾಯಿ ಬರಲಿಲ್ಲ. ಗಾಳಿ ಕೊರೆಯುತ್ತಿತ್ತು. ಕಾಕಾ ಕೋಲನ್ನು ಊರಿ, ಬೆನ್ನು ಕಾಯಿಸಿಕೊಳ್ಳಲು ಬಿಸಿಲಿಗೆ ಬೆನ್ನು ಕೊಟ್ಟು ನಿಂತರು. ಎದುರಿಗೆ ಬಿದ್ದ ತಮ್ಮ ನೆರಳು ನೋಡಿ ಕೇಳಿದರು, "ಈಶಾನ್ಯ ಇಂಥಾದ್ದ ಅಂತ ಆವತ್ತ ಹೆಂಗ ಗೊತ್ತ ಹಿಡದ್ರಿ?"

"ಅಯ್ಯನೋರು ಹೇಳಿದ್ರು. ಬಿಸಲಿಗೆ ಬೆನ್ನ ಮಾಡಿ ನಿಂದರ್ರಿ, ಎದುರಿಗೆ ಉತ್ತರ, ಬಲಗೈ ಕಡಿ ಮೂಲಿ ಈಶಾನ್ಯ ಅಂತ."

ಕಾಕಾ ಹೊಟ್ಟೆ ಹಿಡಿದು ನಕ್ಕರು. "ಅಯ್ಯನೋರ ಸೂರ್ಯ ಧಾರವಾಡದಾಗ ಅದಾನವಾ! ಅಲ್ಲಿ ವರ್ಷದಾಗ ಭಾಳ ದಿನ ನಡುಮಧ್ಯಾಹ್ನ ದಕ್ಷಿಣಕ್ಕ ವಾಲ್ತಾನ, ಇಲ್ಲಿ ಉತ್ತರಕ್ಕ. ನೀವು ಉತ್ತರ ಅಂತ ತಿರುಗಾಮುರುಗಾ ದಕ್ಷಿಣಕ್ಕ ಮುಖ ಮಾಡಿ ನಿಂತೀರಿ."

ಹದಿನಾಲ್ಕು ವರ್ಷ ಇದೇ ಬಿಸಿಲಲ್ಲಿ ಬಟ್ಟೆ ಒಣಗಿಸಿದ್ದೇನೆ. ಮನೆ ನೋಡಲು ಹೋದಲ್ಲೆಲ್ಲ ಉತ್ತರದ ಬಿಸಿಲು ಬೀಳುತ್ತದೆ ಎಂದು ಏಜೆಂಟರು ಹೊಗಳಿದ್ದನ್ನು ಕೇಳಿದ್ದೇನೆ. ಅಯ್ಯನವರು ಮಂತ್ರದ ನಡುವೆ ಹೇಳಿದ ಕೂಡಲೇ ನನ್ನ ಬುದ್ಧಿ ಧಾರವಾಡದ ಅಂಗಳಕ್ಕೆ ಹೋಗಿ ನಿಂತಿತ್ತು. ನನಗೆ ನಗುವೂ ಬಂತು, ಅಳುವೂ ಬಂತು.

ನೈಋತ್ಯ ಮೂಲೆಗೆ ಓಡಿದೆವು. ಕಾಕಾ ಕೋಲನ್ನು ಮೆಲ್ಲಗೆ ಅತ್ತಿತ್ತ ಆಡಿಸಿದರು. ಒಮ್ಮೆ, ಎರಡು ಸಲ, ಅಡ್ಡಡ್ಡ, ಉದ್ದುದ್ದ. ಸುಧನ್ವ ಗುದ್ದಲಿ ಹಿಡಿದು ಕಾಯುತ್ತಿದ್ದ. ಕಾಕಾನ ಮುಖ ಸಣ್ಣದಾಗುತ್ತ ಹೋಯಿತು. ಕೊನೆಗೆ ನಿಂತು, ಹೆಡ್‌ಫೋನ್ ತೆಗೆದು ನನ್ನ ಕೈಗಿಟ್ಟರು.

"ನೀ ಕೇಳವಾ. ನನಗ ಕೇಳವಲ್ದು."

ನನಗೆ ಅರ್ಥವಾಗಲಿಲ್ಲ.

"ಎಡಗಿವೀನೂ ಹೊಂಟೈತಿ. ಮೊಳಿ ಕಿರಚ್ತಾವ, ಅವು ಕೇಳ್ತಾವ. ಆಳದಾಗಿನ ಬೆಳ್ಳಿ ದನಿ ಭಾಳ ಸಣ್ಣಂದು. ಎರಡ ವರ್ಷ ಆತು, ಅದನ್ನ ಕೇಳಿಲ್ಲ. ನಿಮ್ಮ ಕಾಕುಗ ಹೇಳಬ್ಯಾಡ."

ಎರಡು ವರ್ಷ! ಅಷ್ಟೂ ದಿನ ಆ ಮನುಷ್ಯ ಕಿವಿಗೆ ಬರೀ ಬಿರಡಿಗಳ ಕೂಗು ಬೀಳುತ್ತಿದ್ದರೂ ಬಿಡದೆ ಹೋಗುತ್ತಿದ್ದರು, ನಾನು ಅದೇ ಬಿರಡಿಗಳ ಮಾತೆತ್ತಿ ನಗಾಡುತ್ತಿದ್ದೆ. ನನ್ನ ನಾಲಿಗೆ ಸುಟ್ಟುಹೋಗಬಾರದೇ ಅನಿಸಿತು. ಹೆಡ್‌ಫೋನ್ ಹಾಕಿಕೊಂಡೆ. ಕಾಕಾ ನನ್ನ ಮುಂಗೈ ಹಿಡಿದು ಕೋಲು ಆಡಿಸಿದರು. ಒಳಗೆ ಗಿರಣಿ ನಡೆಯುವಂಥ ಒಂದೇ ಸಮನೆ ಗುಂಯ್ ಸದ್ದು. ಅದರ ಹಿಂದೆ, ಬಹಳ ಹಿಂದೆ, ಒಂದು ಸಣ್ಣ ದನಿ ಎದ್ದು ಮುಳುಗಿತು. ಕೋಲು ಹಿಂದೆ ಬಂದಾಗ ಮತ್ತೆ ಎದ್ದಿತು.

"ಬಂತು ಕಾಕಾ! ಇಲ್ಲೇ!"

ಸುಧನ್ವ ಗುದ್ದಲಿ ಹಾಕಿದ. ಒಂದು ಗೇಣಿನ ಆಳದಲ್ಲಿ ಹಳದಿ ಬಟ್ಟೆಯ ಚೂರು, ಅದರೊಳಗೆ ಅವ್ವನ ರೂಪಾಯಿ. ಮಣ್ಣಿನ ಸಮೇತ ಕಣ್ಣಿಗೊತ್ತಿಕೊಂಡೆ. ಮಣ್ಣು ಕೆರೆದಾದ ಮೇಲೆ ಸರಿಯಾದ ಮೂಲೆಗೆ ಹಾಕಿದರಾಯಿತು ಎಂದು ಸೆರಗಿಗೆ ಕಟ್ಟಿಕೊಳ್ಳಲು ಹೋದೆ, ತೊಟ್ಟಿದ್ದು ಜೀನ್ಸ್. ಹಾಗಾಗಿ ಮುಷ್ಟಿಯಲ್ಲೇ ಹಿಡಿದುಕೊಂಡೆ. ಅಳು ಉಕ್ಕಿ ಬಂತು, ಅವ್ವ ಹೋದಾಗ ಅಳದೆ ಉಳಿದಿದ್ದ ಅಳು.

ಕಾಕಾ ರೂಪಾಯಿ ತೋರಿಸು ಎನ್ನಲಿಲ್ಲ. ಎಡಗಿವಿಯನ್ನು ನನ್ನ ಕಡೆ ತಿರುಗಿಸಿ ಕೇಳಿದರು, "ಹೆಂಗಿತ್ತು ಸದ್ದು?"

"ಸಣ್ಣಗಿತ್ತು ಕಾಕಾ."

"ಹಂಗಲ್ಲ. ಮಾಡಿ ತೋರ್ಸು."

ಪಕ್ಕದ ಸೈಟಿನ ಕೆಲಸಗಾರರು ನೋಡುತ್ತಿದ್ದರು. ನಾನು ಕಾಕಾನ ಕಿವಿಗೆ ಬಾಯಿ ಹಚ್ಚಿ, ನಲವತ್ತು ವರ್ಷದ ಹೆಂಗಸು, ಆ ದನಿಯನ್ನು ಗಟ್ಟಿಯಾಗಿ ಕೂಗಿದೆ, ಎದ್ದು ಮುಳುಗುವ ಹಾಗೆ. ಕಾಕಾ ಕಣ್ಣು ಮುಚ್ಚಿ ತಲೆಯಾಡಿಸಿದರು.

"ಹೌದು," ಎಂದರು, "ಬೆಳ್ಳೀದ ಅದು. ಇನ್ನೊಮ್ಮೆ ಮಾಡವಾ."

ಇನ್ನೊಮ್ಮೆ ಮಾಡಿದೆ.